ಕೃಷ್ಣೆಗೆ ಟ್ರೌಟ್ ಬರುವುದಿಲ್ಲ ಕಾಕಾ

ಯುಗಾದಿ ಮುಗಿದು, ಸಕ್ಕರೆ ಕಾರಖಾನೆಗಳ ಭೋಂಗಾ ಸುಮ್ಮನಾಗಿ, ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆ ಬಿಟ್ಟವೆಂದರೆ ನಮ್ಮ ಚಿಕ್ಕೋಡಿ ಸೀಮೆಯ ಜನಕ್ಕೆ ಮಾತಾಡಲು ಎರಡೇ ವಿಷಯ ಉಳಿಯುತ್ತವೆ. ಕಬ್ಬಿನ ಬಿಲ್ಲು ಯಾವಾಗ ಬರುತ್ತದೆ, ಕೊಯ್ನಾದಿಂದ ನೀರು ಯಾವಾಗ ಬಿಡುತ್ತಾರೆ. ಮೊದಲನೆಯದನ್ನು ಮಾತಾಡಿದರೆ ಬಿಪಿ ಏರುತ್ತದೆ, ಎರಡನೆಯದನ್ನು ಮಾತಾಡಲು ಮುಖ್ಯಮಂತ್ರಿಗಳೇ ಇದ್ದಾರೆ. ಪ್ರತಿ ಬೇಸಿಗೆಯಲ್ಲೂ ಯಾರೇ ಕುರ್ಚಿಯಲ್ಲಿರಲಿ, ಮಹಾರಾಷ್ಟ್ರಕ್ಕೊಂದು ಪತ್ರ ಬರೆಯುವುದು ಅವರ ಪಾಲಿಗೆ ಬಂದದ್ದೇ. ಹೀಗಾಗಿ ನಮ್ಮ ಬೇಲಿಯ ಪಂಚಾಯಿತಿಯಲ್ಲಿ ಮೂರನೆಯ ವಿಷಯವೊಂದು ಸೇರಿಕೊಂಡಿದೆ. ಮೀನು. ಅದೂ ಕೃಷ್ಣಾ ಹೊಳೆಯ ಮೀನಲ್ಲ, ಟ್ರೌಟ್.

ಇದನ್ನು ಸೇರಿಸಿದವರು ದಾಸವಾಳದ ಬೇಲಿಯ ಆಚೆಗಿರುವ ಸುಭೇದಾರ ಕಾಕಾ. ಮರಾಠಾ ಲೈಟ್ ಇನ್‌ಫಂಟ್ರಿ ಸೇರಿ, ದೇಶದ ಮೂಲೆಮೂಲೆ ತಿರುಗಿ, ಪಿಂಚಣಿ ತಗೊಂಡು ಅಂಕಲಿ ರಸ್ತೆಯ ಮನೆಗೆ ಬಂದು ಕೂತವರು. ಊರಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಸಂಜೆ ಐದಕ್ಕೆ ಬೇಲಿಯ ಹತ್ತಿರ ಬಂದು ನಿಂತು, ನಿಪ್ಪಾಣಿ ತಂಬಾಕನ್ನು ಅಂಗೈಯಲ್ಲಿ ಹಾಕಿ ಸುಣ್ಣ ಹಚ್ಚಿ ತಿಕ್ಕತೊಡಗಿದರೆ ಮಾತು ಬರುವುದಿದೆ ಎಂದು ತಿಳಿಯಬೇಕು. ತಂಬಾಕು ತುಟಿಯ ಒಳಗೆ ಹೋದ ಮೇಲೆ ಮಾತು ಸ್ವಲ್ಪ ತೊದಲುತ್ತದೆ, ಆದರೆ ನಿಲ್ಲುವುದಿಲ್ಲ.

"ಮಾಸ್ತರ, ಏಪ್ರಿಲ್ ಬಂತ ನೋಡ್ರಿ. ಕಾಶ್ಮೀರದಾಗ ಟ್ರೌಟ್ ಸೀಜನ್ ಸುರು ಆಗಿರತೈತಿ. ಪಹಲಗಾಮದಾಗ ಲಿದ್ದರ್ ಅಂತ ಹೊಳಿ ಐತಿ. ಏನ್ ನೀರ್ರಿ ಅದು! ತಳದಾಗಿನ ಹಳ್ಳು ಎಣಿಸಬಹುದು."

"ನಮ್ಮ ಹೊಳ್ಯಾಗೂ ಈಗ ಹಳ್ಳು ಎಣಸಬಹುದು ಕಾಕಾ. ನೀರಽ ಇಲ್ಲಲ್ಲ."

"ಚೇಷ್ಟಿ ಮಾಡಬ್ಯಾಡ್ರಿ. ಕೇಳ್ರಿ."

ಕೇಳಿದೆ. ಕೇಳುವಂಥದ್ದೇ ಇತ್ತು. ನಾನು ಮೀನು ತಿನ್ನುವವನಲ್ಲ, ಆದರೆ ಮೀನು ಹಿಡಿಯುವವರನ್ನು ನೋಡುತ್ತ ನಿಲ್ಲುವುದು ಚಿಕ್ಕಂದಿನ ಚಟ. ಕಾಕಾ ಹೇಳಿದ ಹಿಡಿಯುವ ರೀತಿ ನಮ್ಮ ದಂಡೆಯಲ್ಲಿ ನಾನು ಕಂಡ ಯಾವುದಕ್ಕೂ ಹೊಂದುವುದಿಲ್ಲ. ನಮ್ಮಲ್ಲಿ ಗಾಳಕ್ಕೆ ಎರೆಹುಳ ಚುಚ್ಚುತ್ತಾರೆ, ಇಲ್ಲವೇ ಗೋದಿಯ ಕಣಕದ ಉಂಡೆ ಹಚ್ಚುತ್ತಾರೆ. ಜೋಳದ ದಂಟಿನ ಬೆಂಡನ್ನು ದಾರಕ್ಕೆ ಕಟ್ಟಿ ನೀರಿಗೆ ಬಿಟ್ಟು, ಅದು ಮುಳುಗುವವರೆಗೆ ಬೀಡಿ ಸೇದುತ್ತ ಕೂಡುತ್ತಾರೆ. ಅಲ್ಲಿ ಹಾಗಲ್ಲ. ಗಾಳಕ್ಕೆ ತಿನ್ನುವುದು ಏನೂ ಇರುವುದಿಲ್ಲ. ಪುಕ್ಕ, ರೇಷ್ಮೆ ದಾರ, ಒಂದಿಷ್ಟು ಜರಿ ಇವುಗಳಿಂದ ಕಟ್ಟಿದ ಸುಳ್ಳು ನೊಣ. ಹಗುರವೆಂದರೆ ಅದು ಊದಿದರೆ ಹಾರುವಷ್ಟು ಹಗುರ. ಅಂಥದ್ದನ್ನು ಎಸೆದರೆ ಕಾಲ ಬಳಿಯೇ ಬೀಳುತ್ತದಲ್ಲ? ಅದಕ್ಕೇ ಭಾರವನ್ನೆಲ್ಲ ದಾರದಲ್ಲಿ ಇಟ್ಟಿರುತ್ತಾರೆ. ಬೀಸುವುದು ದಾರವನ್ನು, ನೊಣ ಅದರ ಹಿಂದೆ ಹೋಗುತ್ತದೆ. ಕೋಲನ್ನು ಹಿಂದಕ್ಕೆ ಬೀಸಿ, ದಾರವೆಲ್ಲ ಬೆನ್ನ ಹಿಂದೆ ಗಾಳಿಯಲ್ಲಿ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಒಂದು ಗಳಿಗೆ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ಒಂದು ಗಳಿಗೆ ತಡೆಯಲಾರದವನು ತನ್ನ ಕಿವಿಗೆ ತಾನೇ ಗಾಳ ಹಾಕಿಕೊಳ್ಳುತ್ತಾನೆ.

"ಟ್ರೌಟ್ ಮೀನಾ ಮಾರಿ ಯಾವಾಗಲೂ ನೀರ ಬರು ದಿಕ್ಕಿಗೆ ಮಾಡಿ ನಿಂತಿರತೈತಿ. ಮ್ಯಾಲಿಂದ ಏನ್ ತೇಲಿ ಬರತೈತೋ ಅದಕ್ಕ ಬಾಯಿ ಹಾಕೂದು. ಅದಕ್ಕ ನಾವು ಕೆಳಗಿಂದ, ಅದರ ಬೆನ್ನ ಹಿಂದಿಂದ, ಸಪ್ಪಳ ಮಾಡದಽ ಹೋಗಬೇಕು. ಫೌಜಿನ ಪೆಟ್ರೋಲಿಂಗ್ ಇದ್ದಂಗ. ನೊಣಾ ಅದರ ಮುಂದ ಒಂದ ಮಾರ ಮ್ಯಾಲ ಬೀಳಬೇಕು. ಬಿದ್ದಿದ್ದು ನೀರಿಗೂ ಗೊತ್ತಾಗಬಾರದು."

ನೀರಿನ ಮೇಲೆ ತೇಲುವ ನೊಣ ಬೇರೆ, ನೀರೊಳಗೆ ಮುಳುಗುವ ನೊಣ ಬೇರೆ. ಆ ಹೊತ್ತಿಗೆ ಹೊಳೆಯಲ್ಲಿ ಯಾವ ಹುಳ ಹುಟ್ಟಿ ಹಾರುತ್ತಿದೆಯೋ ಅದೇ ಬಣ್ಣದ, ಅದೇ ಅಳತೆಯ ನೊಣ ಕಟ್ಟಿದರೆ ಮೀನು ಮೋಸ ಹೋಗುತ್ತದೆ. ಬೇರೆಯದಾದರೆ ಹತ್ತಿರ ಬಂದು ನೋಡಿ ತಿರುಗಿ ಹೋಗುತ್ತದೆ. ಬೇಸಿಗೆಯ ಆರಂಭ ಇದಕ್ಕೆ ಒಳ್ಳೆಯ ಹೊತ್ತು, ಯಾಕೆಂದರೆ ಮುಂದೆ ಹಿಮ ಜೋರಾಗಿ ಕರಗತೊಡಗಿದರೆ ಹೊಳೆ ತುಂಬಿ ನೀರು ಕದಡುತ್ತದೆ. ನಮ್ಮದು ಉಲ್ಟಾ. ನಮ್ಮ ಹೊಳೆ ಆಷಾಢದಲ್ಲಿ ಕೆಂಪಾಗಿ ದಂಡೆ ಮುರಿದು ಹರಿದು, ಚೈತ್ರಕ್ಕೆ ಮಡುಗಳಲ್ಲಿ ತಿಳಿಯಾಗಿ ನಿಲ್ಲುತ್ತದೆ.

ಇಷ್ಟೆಲ್ಲ ಕೇಳಿಸಿ ಕಾಕಾ ಕಡೆಗೆ ಬಾಂಬು ಹಾಕಿದರು. ಟ್ರೌಟ್ ಮರಿಯನ್ನು ನಮ್ಮ ಕೃಷ್ಣೆಗೂ ಯಾಕೆ ಬಿಡಬಾರದು? ಕಲ್ಲೋಳ, ಯಡೂರು, ಮಾಂಜರಿ, ಅಲ್ಲಿಂದ ಕುಡಚಿ, ಉಗಾರ, ಕೆಳಗೆ ಅಥಣಿಯ ಸಪ್ತಸಾಗರ, ದರೂರಿನವರೆಗೆ ಹೊಳೆ ಇದೆ. ವೇದಗಂಗೆ ಇದೆ, ದೂಧಗಂಗೆ ಇದೆ. ಸರಕಾರ ಮನಸ್ಸು ಮಾಡಿದರೆ ಪಹಲಗಾಮಿಗೆ ಹೋಗುವವರೆಲ್ಲ ಚಿಕ್ಕೋಡಿಗೆ ಬರುತ್ತಾರೆ.

"ಕೃಷ್ಣೆಗೆ ಟ್ರೌಟ್ ಬರೂದಿಲ್ಲ ಕಾಕಾ," ಎಂದೆ. "ಆ ಮೀನಿಗೆ ತಣ್ಣನ್ನ ನೀರು ಬೇಕು. 20 ಡಿಗ್ರಿ ದಾಟಿದರ ಒದ್ದಾಡತೈತಿ. ನೀರು ತಣ್ಣಗಿದ್ದಷ್ಟೂ ಅದರಾಗ ಪ್ರಾಣವಾಯು ಜಾಸ್ತಿ ಇರತೈತಿ, ಅದು ಅದರ ಮ್ಯಾಲ ಬದಕತೈತಿ. ಅಥಣಿಯ ಮೇ ತಿಂಗಳ ಬಿಸಲಾಗ ನಾವಽ ಬದಕೂದು ಕಷ್ಟ."

"ಹಂಗಾದ್ರ ಊಟಿಯಾಗ ಹೆಂಗ ಬಂತ್ರಿ?"

ಒಳ್ಳೆಯ ಪ್ರಶ್ನೆ. ಟ್ರೌಟ್ ಊಟಿಯದೂ ಅಲ್ಲ, ಕಾಶ್ಮೀರದ್ದೂ ಅಲ್ಲ. ಬ್ರಿಟಿಷ್ ಸಾಹೇಬರಿಗೆ ಈ ದೇಶದ ಬೆಟ್ಟಗಳಲ್ಲಿ ತಮ್ಮ ಊರಿನ ಹವಾ ಸಿಕ್ಕಿತು, ಆದರೆ ಹೊಳೆಯಲ್ಲಿ ತಮ್ಮ ಊರಿನ ಮೀನು ಸಿಗಲಿಲ್ಲ. ಸರಿ, ತರಿಸಿದರು. ನೀಲಗಿರಿಯಲ್ಲಿ 1860ರ ದಶಕದಲ್ಲೇ ಫ್ರಾನ್ಸಿಸ್ ಡೇ ಎಂಬ ಡಾಕ್ಟರು ಪ್ರಯತ್ನ ಮಾಡಿದರು. ಇವರೇ ಮುಂದೆ ಹಿಂದೂಸ್ತಾನದ ಮೀನುಗಳ ಮೇಲೆ ದೊಡ್ಡ ಗ್ರಂಥ ಬರೆದವರು. ಅವರ ಕಾಲಕ್ಕೆ ಅದು ಕೈಗೂಡಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅವಲಾಂಚಿಯ ಮರಿಕೇಂದ್ರದಿಂದ ಮಳೆಬಿಲ್ಲು ಟ್ರೌಟ್ ಅಲ್ಲಿಯ ಹಳ್ಳಗಳಲ್ಲಿ ಬೇರೂರಿತು. ಕಾಶ್ಮೀರಕ್ಕೆ ಕಂದು ಟ್ರೌಟಿನ ತತ್ತಿಗಳು ಹಡಗಿನಲ್ಲಿ ಬಂದವು. ಮೊದಲ ಸಲ ಕಳಿಸಿದ ತತ್ತಿ ದಾರಿಯಲ್ಲೇ ಸತ್ತು, 1900ರಲ್ಲಿ ಬಂದವು ಬದುಕಿ, ಶ್ರೀನಗರದ ಹತ್ತಿರ ಹರವಾನದಲ್ಲಿ ಮರಿಯಾದವು. ಮುಂದೆ ಕೋಕರನಾಗದಲ್ಲಿ ದೊಡ್ಡ ಮರಿಕೇಂದ್ರವೇ ಆಯಿತು.

ಇದನ್ನೆಲ್ಲ ನೆನೆಸಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ. ಅಧಿಕಮಾಸಕ್ಕೆ ಮನೆಗೆ ಬಂದ ಹೊಸ ಅಳಿಯನಿಗೆ ಸಹ ಇಷ್ಟು ಉಪಚಾರ ಯಾರೂ ಮಾಡಿಲ್ಲ. ಅದಕ್ಕೆ ಮಂಜುಗಡ್ಡೆಯಲ್ಲಿ ತತ್ತಿಯ ಪ್ರಯಾಣ, ಅದಕ್ಕೊಂದು ಇಲಾಖೆ, ಅದಕ್ಕೆ ಕಾವಲುಗಾರರು, ಹೊಳೆಯನ್ನು ತುಂಡುತುಂಡಾಗಿ ಹಂಚಿ ಈ ತುಂಡಿನಲ್ಲಿ ಇವತ್ತು ಇಂಥವರೇ ಗಾಳ ಹಾಕಬೇಕೆಂಬ ಪರವಾನಗಿ ಚೀಟಿ, ದಿನಕ್ಕೆ ಇಷ್ಟೇ ಹಿಡಿಯಬೇಕೆಂಬ ಲೆಕ್ಕ, ಚಳಿಗಾಲದಲ್ಲಿ ತತ್ತಿ ಇಡುವಾಗ ಪೂರ್ತಿ ಸೂಟಿ. ನಮ್ಮ ಹೊಳೆಯಲ್ಲಿ ಹುಟ್ಟಿ ಬೆಳೆದ ಮೀನಿಗೆ ಇದರಲ್ಲಿ ಯಾವುದು ಸಿಕ್ಕಿದೆ?

"ನಮ್ಮ ಹೊಳ್ಯಾಗ ಅಂಥಾ ಮೀನ ಯಾವದೈತ್ರಿ? ಚಿಲಾಪಿ ಏನು?" ಕಾಕಾ ನಕ್ಕರು.

ಚಿಲಾಪಿಯೂ ನಮ್ಮದಲ್ಲ. ಅದು ಆಫ್ರಿಕಾದ್ದು, ಭಾರತಕ್ಕೆ 1952ರಲ್ಲಿ ಬಂತು. ಪೇಟೆಯಲ್ಲಿ ನೀವು ನೋಡುವ ಕಟ್ಲಾ, ರೋಹುಗಳ ಮೂಲ ಗಂಗೆ ಕಡೆಯದು. ಮರಿ ತಂದು ಬಿಟ್ಟು ಇಲ್ಲಿಯವಾದವು. ಕೃಷ್ಣೆಯ ಮೂಲದ ನಿವಾಸಿಗಳು ಬೇರೆ. ಉಸುಕಿನಲ್ಲಿ ಹಾವಿನಂತೆ ನುಸುಳುವ ವಾಂಬ, ಮೀಸೆಯ ಶಿಂಗಾಳ, ಮಡುವಿನ ತಳದ ಕಲ್ಲಿಗೆ ಅಂಟಿಕೊಂಡಿರುವ ಅಗಲ ಬಾಯಿಯ ದೊಡ್ಡ ಮೀನು, ಮೂಗಿನ ಮೇಲೆ ಗುಳ್ಳೆಯಿರುವ ನುಕ್ತಾ. ಮುಂಬೈ ಸೈನ್ಯದ ಕರ್ನಲ್ ಸೈಕ್ಸ್ ಎಂಬ ಸಾಹೇಬ ದಖ್ಖನಿನ ಹೊಳೆಗಳನ್ನು ಸುತ್ತಿ, ಅಂಬಿಗರನ್ನು, ಭೋಯಿಗಳನ್ನು ಕೇಳಿ ಕೇಳಿ, ಅವರ ಬಾಯಲ್ಲಿದ್ದ ಹೆಸರುಗಳನ್ನೇ ಇಟ್ಟು 1839ರಲ್ಲಿ ಇಂಥ ಮೀನುಗಳನ್ನು ಶಾಸ್ತ್ರಕ್ಕೆ ಸೇರಿಸಿದ. ಖುಡ್ರೀ, ಕೋಳಸ, ಮಸೂಳ, ನುಕ್ತಾ ಎಲ್ಲ ಆ ಪಟ್ಟಿಯಲ್ಲಿವೆ. ಇವುಗಳಲ್ಲಿ ಖುಡ್ರೀ ಎಂದರೆ ನಮ್ಮ ದಖ್ಖನಿನ ಮಹಸೀರ್. ಶೃಂಗೇರಿಯ ತುಂಗೆಯ ಮೆಟ್ಟಿಲ ಹತ್ತಿರ ಪುರಿ ಹಾಕಿದರೆ ಮುತ್ತಿಕೊಳ್ಳುತ್ತವಲ್ಲ, ಆ ದೇವರ ಮೀನುಗಳ ಪೈಕಿ ಇದೂ ಒಂದು.

"ಅದು ಗಾಳಕ್ಕ ಬೀಳತೈತೇನ್ರಿ?"

"ಬಿದ್ದರ ಕೋಲು ಮುರಿತೈತಿ ಕಾಕಾ."

ಇದು ಉತ್ಪ್ರೇಕ್ಷೆಯಲ್ಲ. ಮಹಸೀರ್ ಕುಲದ ಮೇಲೆ ಹುಚ್ಚಾದ ಸಾಹೇಬರು ಟ್ರೌಟನ್ನು ಮರೆತಿದ್ದಾರೆ. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವನು ಹಿಂದೂಸ್ತಾನದಲ್ಲಿ ಗಾಳ ಹಾಕುವುದರ ಮೇಲೆ ದಪ್ಪ ಪುಸ್ತಕ ಬರೆದು 1873ರಲ್ಲಿ ಮಂಗಳೂರಿನಲ್ಲೇ ಅಚ್ಚು ಹಾಕಿಸಿದ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು, ಹುಲಿ ಚಿರತೆಗಳ ತೊಗಲು ತುಂಬಿ ನಿಲ್ಲಿಸುವುದರಲ್ಲಿ ಹೆಸರಾದವರು, ಅವರಲ್ಲೊಬ್ಬರು 1946ರಲ್ಲಿ ಹಿಡಿದ ಮಹಸೀರ್ 120 ಪೌಂಡು ತೂಗಿತು. ಅಂದರೆ ಹತ್ತಿರ ಹತ್ತಿರ 54 ಕಿಲೋ. ನಮ್ಮ ಕಡೆಯ ಒಂದು ಗೊಬ್ಬರದ ಚೀಲಕ್ಕಿಂತ ಭಾರ.

ಕಾಕಾ ತಂಬಾಕು ಉಗುಳಿ ಬಂದರು. ಇದು ಅವರು ಆಲೋಚನೆಗೆ ಇಳಿದ ಗುರುತು.

"ಹಂಗಿದ್ರ ಅದನ್ನಽ ಬೆಳಸಲಿ ಬಿಡ್ರಿ. ಯಾರು ಬ್ಯಾಡ ಅಂದ್ರು?"

ಬೆಳೆಸಿದ್ದಾರೆ. ಕತೆ ಮಜಾ ಬರುವುದು ಇಲ್ಲೇ. ಲೋಣಾವಳಾದಲ್ಲಿ ಟಾಟಾ ವಿದ್ಯುತ್ ಕಂಪನಿಯವರು 1970ರ ದಶಕದಿಂದ ಖುಡ್ರೀ ಮರಿ ಮಾಡಿ ಊರೂರಿಗೆ ಕಳಿಸಿದರು. ಪುಣ್ಯದ ಕೆಲಸ. ಆ ಮರಿಗಳು ಕಾವೇರಿಗೂ ಹೋದವು. ಅಲ್ಲಿ ಆಗಲೇ ಬೆನ್ನು ಗೂನಾದ ಬೇರೊಂದು ಮಹಸೀರ್ ಇತ್ತು, ಜಗತ್ತಿನಲ್ಲಿ ಕಾವೇರಿ ಸೀಮೆ ಬಿಟ್ಟರೆ ಬೇರೆಲ್ಲೂ ಇಲ್ಲದ್ದು. ಹೊಸದಾಗಿ ಬಂದ ಖುಡ್ರೀ ಹೆಚ್ಚಿತು, ಆ ಗೂನುಬೆನ್ನಿನ ಮೀನು ಕಡಿಮೆಯಾಯಿತು. 2018ರಲ್ಲಿ ಅದರ ಶಾಸ್ತ್ರೀಯ ಹೆಸರು ಖಚಿತವಾಗುವ ಹೊತ್ತಿಗೆ ಅದು ನಾಶದ ಅಂಚಿಗೆ ಬಂದಾಗಿತ್ತು. ನಮ್ಮ ಹೊಳೆಯ ಮೀನು, ನಮ್ಮ ಮನೆಯಲ್ಲಿ ಮಾನ ಸಿಗದೆ, ಅವರ ಮನೆಗೆ ಅಳಿಯನಾಗಿ ಹೋಗಿ ಅಲ್ಲಿಯ ಮಗನನ್ನು ಹೊರಗೆ ಹಾಕಿತು. ಹೀಗಾಗಿ ಯಾವುದೇ ಹೊಳೆಗೆ ಯಾವುದೇ ಮರಿ ಬಿಡುವ ಮಾತು ಬಂದರೆ ನನಗೆ ಕೈ ಅಡ್ಡ ಹಾಕಬೇಕು ಅನಿಸುತ್ತದೆ. ಟ್ರೌಟಿರಲಿ, ಖುಡ್ರೀಯೇ ಇರಲಿ.

ಕಾಕಾ ಇದನ್ನು ಒಪ್ಪಲಿಲ್ಲ. ಒಪ್ಪಿದರೆ ಬೇಲಿ ಯಾಕೆ ಬೇಕು?

ಮರುದಿನ ಅವರು ಅಂಗಳದಲ್ಲಿ ಸ್ಟೂಲಿನ ಮೇಲೆ ಕೂತು ನೊಣ ಕಟ್ಟುತ್ತಿದ್ದರು. ಬೇಲಿಗೆ ಮುಖ ಹಚ್ಚಿ ನಾನು ನೋಡಿದೆ. ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಪಕ್ಕಡವನ್ನು ಸಿಗಿಸಿ, ಅದರ ಬಾಯಲ್ಲಿ ಸಣ್ಣ ಗಾಳವನ್ನು ಕಚ್ಚಿಸಿದ್ದರು. ಕನ್ನಡಕ ಮೂಗಿನ ತುದಿಗೆ. ಮೊದಲು ಗಾಳದ ಕಾಲಿಗೆ ಕಪ್ಪು ರೇಷ್ಮೆಯ ಎಳೆಯನ್ನು ಒತ್ತಾಗಿ ಸುತ್ತಿದರು, ಕಬ್ಬಿಣ ಕಾಣದ ಹಾಗೆ. ಆಮೇಲೆ ಅದರ ಮೇಲೆ ಹೊಳೆಯುವ ಜರಿಯ ಎಳೆಯನ್ನು ಒಂದೊಂದು ಸುತ್ತಿಗೂ ನಡುವೆ ಕಪ್ಪು ಕಾಣುವಂತೆ ದೂರ ದೂರ ಸುತ್ತಿದರು. ಅದು ಹುಳದ ಹೊಟ್ಟೆಯ ಗೆರೆ. ಕೊನೆಗೆ ಹುಂಜದ ಕುತ್ತಿಗೆಯ ಒಂದು ಕೆಂಪು ಗರಿಯನ್ನು ತುದಿಯಲ್ಲಿ ಕಟ್ಟಿ, ಗಾಳದ ಕಣ್ಣಿನ ಹತ್ತಿರ ಎರಡು ಮೂರು ಸುತ್ತು ತಿರುಗಿಸಿದರು. ಗರಿಯ ಒಂದೊಂದು ಎಳೆಯೂ ಸುತ್ತಲೂ ಎದ್ದು ನಿಂತಿತು. ತೇಲುವ ಗುಟ್ಟು ಅದರಲ್ಲೇ ಇದೆ. ಹುಂಜದ ಕುತ್ತಿಗೆಯ ಗರಿ ಬಿರುಸು, ನೀರು ಹೀರುವುದಿಲ್ಲ. ಆ ಎಳೆಗಳ ತುದಿಯ ಮೇಲೆ ನೊಣ ನೀರಿನ ಮೇಲೆ ನಿಲ್ಲುತ್ತದೆ. ಹೇಂಟೆಯ ಗರಿ ಮೆತ್ತಗೆ, ಒದ್ದೆಯಾಗಿ ಮುಳುಗುತ್ತದೆ. ಮುಳುಗುವ ನೊಣಕ್ಕೆ ಅದೇ ಬೇಕು. ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದು, ಅದನ್ನು ಅಂಗೈಯಲ್ಲಿಟ್ಟು ನನ್ನ ಕಡೆ ಚಾಚಿದರು. ಕಾಕಾನ ಅಂಗೈ ಹಲಗೆಯಷ್ಟು ಅಗಲ. ಅದರ ನಡುವೆ ಈಗ ಹಾರೀತು ಎನ್ನುವಂಥ ಹುಳ.

"ಮಿಲಿಟ್ರಿಯವರಿಗೆ ಇಂಥಾ ನಾಜೂಕು ಕೆಲಸಾ ಬರತೈತಂತ ಗೊತ್ತಿರಲಿಲ್ಲ."

"ಗ್ರೆನೇಡ್ ಪಿನ್ ಇದಕಿಂತ ನಾಜೂಕ್ರಿ."

ಗರಿಯ ವಿಷಯ ಬಂತಲ್ಲ, ಒಂದು ಮಾತು ಹೇಳಲೇಬೇಕು. ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಹುಂಜದ ಕುತ್ತಿಗೆಯಲ್ಲಿ ಮೇಣ ತೊಟ್ಟಿಕ್ಕಿಸಿದಂಥ ಹಳದಿ ಬಿಳಿ ಚುಕ್ಕೆಗಳಿರುವ ಗರಿಗಳಿವೆ. ಆ ಚುಕ್ಕೆ ನೀರಿನಲ್ಲಿ ಕಣ್ಣಿನಂತೆ ಕಾಣುತ್ತದೆಂದು ಸ್ಕಾಟ್ಲೆಂಡು, ಇಂಗ್ಲೆಂಡಿನ ಗಾಳದವರು ಅದಕ್ಕೆ ಪ್ರಾಣ ಬಿಡುತ್ತಿದ್ದರು. ಎಷ್ಟೋ ಕಾಡುಕೋಳಿಗಳ ಕುತ್ತಿಗೆಯ ಚರ್ಮ ನಮ್ಮ ದೇಶದಿಂದ ಹಡಗು ಹತ್ತಿ ಹೋಯಿತು. ಅಲ್ಲಿಂದ ಟ್ರೌಟ್ ತತ್ತಿ ಇತ್ತ ಬಂತು, ಇಲ್ಲಿಂದ ಕೋಳಿಯ ಕುತ್ತಿಗೆ ಅತ್ತ ಹೋಯಿತು. ವ್ಯಾಪಾರದಲ್ಲಿ ಯಾರು ಗೆದ್ದರೆಂದು ಕಾಡುಕೋಳಿಯನ್ನು ಕೇಳಬೇಕು. ಈಗ ಅದನ್ನು ಬೇಟೆಯಾಡುವುದಕ್ಕೂ ಗರಿ ಮಾರುವುದಕ್ಕೂ ಕಾಯ್ದೆಯ ತಡೆಯಿದೆ. ಕಾಕಾನ ಗರಿ ಮಾತ್ರ ಮನೆಯ ಹುಂಜದ್ದು, ಹುಂಜ ಅವರ ಹೆಂಡತಿ ಕಾಕುವಿನದು.

ಕಾಕು ಒಳಗಿನಿಂದ ಬಂದು, "ನೋಡ್ರಿ ಮಾಸ್ತರ ಇವರ ಹುಚ್ಚ. ಹುಂಜಾ ಕುತಗಿ ಬೋಳ ಮಾಡಿಕೊಂಡ ಓಣ್ಯಾಗ ತಿರಗಾಡಾಕತ್ತೇತಿ, ಮಂದಿ ರೋಗ ಬಂದೈತೇನ್ ಅಂತ ಕೇಳಾಕತ್ತಾರ," ಎಂದರು.

"ಮತ್ತ ಬೆಳಿತಾವ ತಗೋ," ಎಂದರು ಕಾಕಾ, ತಲೆ ಎತ್ತದೆ.

ಕಾಕು ಅವರ ಮೀನಿನ ಕಾಯ್ದೆ ಮೀನುಗಾರಿಕೆ ಇಲಾಖೆಯದಕ್ಕಿಂತ ಬಿಗಿ. ಸೋಮವಾರ ಯಡೂರು ವೀರಭದ್ರನ ವಾರ. ಗುರುವಾರ ನರಸೋಬವಾಡಿಯ ದತ್ತನದು. ಶನಿವಾರ ಮಾರುತಿ. ಮಂಗಳವಾರ, ಶುಕ್ರವಾರ ದೇವಿ. ಏಕಾದಶಿ, ಸಂಕಷ್ಟಿ ಬೇರೆ. ಉಳಿದದ್ದು ಬುಧವಾರ ಮತ್ತು ರವಿವಾರ, ಅದೂ ಅಂಗಳದ ಒಲೆಯ ಮೇಲೆ, ಬೇರೆ ಬೋಗುಣಿಯಲ್ಲಿ. ನಮ್ಮ ಸೀಮೆಯೇ ಹಾಗೆ. ಅರ್ಧ ಊರು ಲಿಂಗಾಯತರು, ಜೈನರು. ಮೀನಿನ ವಾಸನೆ ಓಣಿ ದಾಟಿದರೆ ಮಾತು ಬರುತ್ತದೆ. ವೇದಗಂಗೆ ದೂಧಗಂಗೆಗಳು ಕೂಡುವ ಭೋಜ ಆಚಾರ್ಯ ಶಾಂತಿಸಾಗರ ಮಹಾರಾಜರ ಊರು. ಅಲ್ಲಿ ಗಾಳ ಹಿಡಿದು ಓಡಾಡಲು ಎದೆ ಬೇಕು. ಪರವಾನಗಿ ಚೀಟಿ, ಕಾವಲುಗಾರ ಯಾರೂ ಇಲ್ಲದಿದ್ದರೂ ನಮ್ಮ ಹೊಳೆಯಲ್ಲಿ ಮೀನು ಇಷ್ಟು ಕಾಲ ಉಳಿದದ್ದಕ್ಕೆ ತಿನ್ನುವವರ ಸಂಖ್ಯೆ ಕಡಿಮೆ ಇದ್ದದ್ದೂ ಒಂದು ಕಾರಣ ಇರಬೇಕೆಂದು ನನ್ನ ಗುಮಾನಿ.

ಈ ಗಾಳದ ಚಟ ಸಾಹೇಬರದ್ದೆಂದು ಕಾಕಾ ತಿಳಿದಿದ್ದರು. ಅದನ್ನು ನಾನು ಬಿಡಿಸಿದೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ, ವಿಕ್ರಮಾದಿತ್ಯನ ಮಗ, ಹನ್ನೆರಡನೆಯ ಶತಮಾನದಲ್ಲಿ ಮಾನಸೋಲ್ಲಾಸ ಎಂಬ ಗ್ರಂಥ ಬರೆದ. ಅದರಲ್ಲಿ ಮತ್ಸ್ಯವಿನೋದ ಎಂಬ ಅಧ್ಯಾಯವೇ ಇದೆ. ಯಾವ ಮೀನು ಎಲ್ಲಿರುತ್ತದೆ, ಯಾವುದಕ್ಕೆ ಯಾವ ಹಿಟ್ಟಿನ ಉಂಡೆ, ಯಾವುದಕ್ಕೆ ಮಾಂಸ, ಮೀನನ್ನು ತಿನಿಸಿ ತಿನಿಸಿ ಒಂದೇ ಜಾಗಕ್ಕೆ ಹೇಗೆ ರೂಢಿ ಮಾಡಿಸಬೇಕು, ಕೋಲು ಹೇಗಿರಬೇಕು, ದಾರ ಹೇಗಿರಬೇಕು, ಎಲ್ಲ. ಮೀನುಶಾಸ್ತ್ರಜ್ಞ ಸುಂದರಲಾಲ ಹೋರಾ 1951ರಲ್ಲಿ ಆ ಅಧ್ಯಾಯದ ಮೇಲೆ ಲೇಖನ ಬರೆದು ಜಗತ್ತಿಗೆ ತೋರಿಸಿದರು. ಇಂಗ್ಲಿಷರು ಗಾಳದ ವೇದವೆಂದು ತಲೆಯ ಮೇಲಿಟ್ಟುಕೊಳ್ಳುವ ಐಜಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ. ನಮ್ಮ ಅರಸ ಐನೂರು ವರ್ಷ ಮುಂದೆ.

"ಅರಸಾ ಆಗಿ ಮೀನ ಹಿಡಿತಿದ್ದನೇನ್ರಿ?" ಕಾಕು ಕೇಳಿದರು.

"ಹಿಡಿಯೂದಷ್ಟಽ ಅಲ್ಲ ಕಾಕು, ಅಡಗಿ ಮಾಡೂದೂ ಬರದಾನ."

"ಯಾವ ವಾರ ಅಂತ ಬರದಾನೇನು?"

ಅದನ್ನು ಸೋಮೇಶ್ವರ ಬರೆದ ಹಾಗಿಲ್ಲ.

ಬುಧವಾರ ಇಳಿಹೊತ್ತು ಕಾಕಾ ತಮ್ಮ ಹಳೆಯ ರಾಡು, ರೀಲು ತಗೊಂಡು ಹೊಳೆಗೆ ಹೊರಟರು, ಹಿಂದೆ ನಾನು. ಮಾಂಜರಿ ಸೇತುವೆಯ ಕೆಳಗೆ ಸ್ವಲ್ಪ ದೂರ ಒಂದು ಮಡು ಇದೆ. ಹಿಪ್ಪರಗಿ ಬ್ಯಾರೇಜಿನ ಹಿನ್ನೀರು ಕೆಳಗಿನ ಊರುಗಳನ್ನು ಬದುಕಿಸುತ್ತದೆ. ಮೇಲಿನ ನಮ್ಮ ಕಡೆ ಬೇಸಿಗೆಯಲ್ಲಿ ಹೊಳೆ ಅಂದರೆ ಮಡುಗಳ ಸಾಲು, ನಡುನಡುವೆ ಉಸುಕು, ಬಂಡೆ, ಪಂಪ್‌ಸೆಟ್ಟಿನ ಪೈಪು. ಪಂಚಗಂಗೆಯಿಂದ ಇಳಿದು ಬಂದ ಜಲಪರ್ಣಿಯ ಹಸಿರು ಚಾಪೆ ಅಲ್ಲಲ್ಲಿ ಸಿಕ್ಕಿಬಿದ್ದಿರುತ್ತದೆ. ಕೆಲವು ವರ್ಷ ಮೇಲಿನಿಂದ ಕರಿ ನೀರು ಬಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಗಾಳವೂ ಬೇಡ, ಬಲೆಯೂ ಬೇಡ. ಆ ದಿನ ಟ್ರೌಟಿನ ಮಾತು ಎತ್ತಲು ಕಾಕಾನಿಗೂ ಮನಸ್ಸು ಬರುವುದಿಲ್ಲ. ಬ್ಯಾರೇಜುಗಳದ್ದು ಇನ್ನೊಂದು ಕತೆ. ಮಳೆಗಾಲದಲ್ಲಿ ಮೇಲೇರಿ ಹೋಗಿ ತತ್ತಿ ಇಡುವ ಮೀನಿಗೆ ಗೋಡೆ ಅಡ್ಡ ಬಂದರೆ ಅದು ಎಲ್ಲಿಗೆ ಹೋಗಬೇಕು?

ಕಾಕಾ ಪ್ಯಾಂಟು ಮೊಣಕಾಲಿಗೆ ಮಡಚಿ ನೀರಿಗೆ ಇಳಿಯಲು ಕಾಲು ಹಾಕಿದರು. ಲಿದ್ದರಿನಲ್ಲಿ ಹಾಗೇ ಇಳಿಯುತ್ತಾರಂತೆ, ಸೊಂಟದವರೆಗಿನ ರಬ್ಬರ್ ಬೂಟು ಹಾಕಿಕೊಂಡು.

"ಅಲ್ಲೇ ನಿಂದರ್ರಿ ಸುಭೇದಾರ್ರ," ಎಂದು ದಂಡೆಯ ಮೇಲೆ ಬಲೆ ಹೊಲಿಯುತ್ತಿದ್ದ ಅಂಬಿಗರ ಅಜ್ಜ ಕೂಗಿದ. "ಆ ಕಲ್ಲ ಐತಲ್ಲ, ನಿನ್ನಿ ಅದು ಅಲ್ಲಿರಲಿಲ್ಲ."

ನೋಡಿದೆವು. ಕಲ್ಲು ಕಣ್ಣು ಮುಚ್ಚಿ ತೆಗೆಯಿತು. ಆಮೇಲೆ ಸಾವಕಾಶವಾಗಿ ನೀರಿಗೆ ಇಳಿಯಿತು. ಸಾಂಗಲಿಯಿಂದ ಹಿಡಿದು ನಮ್ಮ ಕಾಗವಾಡ, ರಾಯಬಾಗ, ಅಥಣಿ ದಂಡೆಯವರೆಗೆ ಕೃಷ್ಣೆಯಲ್ಲಿ ಮೊಸಳೆಗಳಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ದನ ಮೈ ತೊಳೆಯುವವರು, ಪಂಪು ಚಾಲೂ ಮಾಡಲು ಹೋಗುವವರು ಅವನ್ನು ನೋಡಿಯೇ ಇರುತ್ತಾರೆ. ಟ್ರೌಟ್ ಹಿಡಿಯುವವರ ಕೈಪಿಡಿಗಳಲ್ಲಿ ಈ ಅಧ್ಯಾಯ ಇರಲಿಕ್ಕಿಲ್ಲ.

ಕಾಕಾ ದಂಡೆಯ ಎತ್ತರದ ಬಂಡೆ ಹತ್ತಿದರು. ಅಲ್ಲಿಂದ ಬೀಸಿದರು. ಅವರ ಮಾತು ಎಷ್ಟು ಉದ್ದವೋ ಬೀಸು ಅಷ್ಟು ಚೊಕ್ಕ. ಹಳದಿ ದಾರ ಹಿಂದೆ ಹೋಯಿತು, ಜಾಲಿಯ ಗಿಡದ ಮೇಲೆ ನೇರ ಚಾಚಿತು, ಕಾಕಾನ ಭುಜ ಒಂದು ಗಳಿಗೆ ನಿಂತಿತು, ದಾರ ಮುಂದೆ ಬಂದು ಮಡುವಿನ ಮೇಲೆ ಬಿಚ್ಚಿಕೊಂಡು ಮಲಗಿತು. ನೊಣ ಬಿದ್ದದ್ದು ನನಗೆ ಕಾಣಲಿಲ್ಲ. ಅಜ್ಜ ಸೂಜಿ ಬಿಟ್ಟು ನೋಡಿದ.

ಹೊತ್ತು ಮುಳುಗುವ ಸಮಯಕ್ಕೆ ಹೊಳೆಯ ಮೇಲೆ ಸಣ್ಣ ಹುಳಗಳ ಗುಂಪು ಏಳುತ್ತದೆ. ಅವು ನೀರಿಗೆ ತಾಗಿದಲ್ಲೆಲ್ಲ ಬೆಳ್ಳಿ ಬಣ್ಣದ ಬೆರಳುದ್ದದ ಮೀನುಗಳು ಚಟ್ಟನೆ ಮೇಲೆ ಬಂದು ಹೋಗುತ್ತವೆ. ಅಂಥದ್ದೊಂದು ಕಾಕಾನ ನೊಣಕ್ಕೆ ಬಾಯಿ ಹಾಕಿತು. ಎಳೆದು ನೋಡಿದರೆ ಗಾಳಕ್ಕಿಂತ ಸ್ವಲ್ಪ ದೊಡ್ಡದು. ಬಿಟ್ಟರು. ಮತ್ತೆ ಬೀಸಿದರು, ಮತ್ತೊಂದು, ಅದನ್ನೂ ಬಿಟ್ಟರು. ಅಷ್ಟರಲ್ಲಿ ಪಕ್ಕದ ಕಲ್ಲಿನ ಮೇಲೆ ಕೂತ ಕುರಿ ಕಾಯುವ ಹುಡುಗ, ಕೈಯಲ್ಲಿ ಬಿದಿರ ಬಡಿಗೆ, ಬೆಂಡಿನ ದಾರ, ಕಣಕದ ಉಂಡೆ, ಒಂದರ ಹಿಂದೆ ಒಂದು ಅಂಗೈ ಅಗಲದ ಚಿಲಾಪಿ ಎತ್ತಿ ಪ್ಲಾಸ್ಟಿಕ್ ಕೊಡಕ್ಕೆ ಹಾಕುತ್ತಿದ್ದ.

"ಕಣಕಕ್ಕ ಏನ್ ಹಾಕಿಯೋ ತಮ್ಮಾ?" ಕಾಕಾ ಕೇಳಿದರು.

"ಸೋಂಪ ಅರದ ಹಾಕೇನ್ರಿ. ವಾಸನಿಗಿ ಬರತಾವ."

"ನಂದು ನೋಡ, ಬರೇ ಪುಕ್ಕ. ವಾಸನಿ ಇಲ್ಲ, ರುಚಿ ಇಲ್ಲ. ಆದರೂ ಬರತಾವ."

"ಬರತಾವ್ರಿ," ಎಂದ ಹುಡುಗ. "ಖರೆ ಸಣ್ಣವು ಬರತಾವ."

ಅಜ್ಜ ನಕ್ಕ. ಆಮೇಲೆ, ಕಾಕಾನ ಮುಖ ನೋಡಿ ಕನಿಕರ ಬಂತೋ ಏನೋ, ಒಂದು ಮಾತು ಕೊಟ್ಟ. ರಾಜಾಪುರದ ಬ್ಯಾರೇಜಿನಿಂದ ನೀರು ಬಿಟ್ಟ ಸುದ್ದಿ ಬಂದ ಮರುದಿನ ಬರ್ರಿ. ಹೊಸ ನೀರು ಮಡುವಿಗೆ ತಾಗಿತೆಂದರೆ ದೊಡ್ಡವು ಆ ಸೆಳವಿಗೆ ಎದುರಾಗಿ ಮಾರಿ ಮಾಡಿ ನಿಲ್ಲುತ್ತವೆ. ಆಗ ಮೇಲಿನಿಂದ ಏನು ತೇಲಿ ಬಂದರೂ ಬಾಯಿ ಹಾಕುತ್ತವೆ.

ಕಾಕಾ ನನ್ನ ಕಡೆ ತಿರುಗಿದರು. "ಕೇಳಿದ್ರೇನ್ರಿ ಮಾಸ್ತರ? ಟ್ರೌಟಿನಂಗಽ!"

"ಅಜ್ಜಾ, ಹಿಂದಕ ಇಲ್ಲಿ ದೊಡ್ಡ ಹಳಕಿನ ಮೀನ ಇದ್ದವೇನು? ಬಂಗಾರದ ಬಣ್ಣದವು?" ನಾನು ಕೇಳಿದೆ.

"ನಮ್ಮಪ್ಪ ಹೇಳತಿದ್ದ. ಹಳಕು ರೂಪಾಯಿಯಷ್ಟು ಇರತಿತ್ತಂತ. ನಾ ಹಿಡದಿಲ್ಲ." ಅಜ್ಜ ಮತ್ತೆ ಬಲೆಯ ಕಣ್ಣು ಎಣಿಸತೊಡಗಿದ. ಅಜ್ಜನ ಅಪ್ಪನ ಕಾಲದಲ್ಲಿ ಯಾರೋ ಹಿಡಿದದ್ದು ಯಾವ ಮೀನೆಂದು ನಾನು ಪ್ರಮಾಣ ಮಾಡಲಾರೆ, ಆದರೆ ರೂಪಾಯಿಯಷ್ಟು ಹಳಕು ಕಟ್ಲಾಕ್ಕೂ ಇರುತ್ತದೆ, ಬಂಗಾರದ ಬಣ್ಣ ಇರುವುದಿಲ್ಲ.

ಮನೆಗೆ ಬರುವ ದಾರಿಯಲ್ಲಿ ಕಾಕಾ ತಮ್ಮ ಯೋಜನೆಯನ್ನು ತಿದ್ದಿಕೊಂಡರು. ಟ್ರೌಟ್ ಬೇಡ. ಮರಿ ಬಿಡುವುದೂ ಬೇಡ. ಆದರೆ ಕಾಶ್ಮೀರದ ಹಾಗೆ ಹೊಳೆಯ ಒಂದು ತುಂಡನ್ನಾದರೂ, ಕಲ್ಲೋಳದಿಂದ ಮಾಂಜರಿಯವರೆಗೆ ಅನ್ನಿ, ಇಂತಿಷ್ಟು ದಿನ ಯಾರೂ ಬಲೆ ಹಾಕಬಾರದು ಅಂತ ಬಿಟ್ಟರೆ? ಅಲ್ಲಿ ಉಸುಕು ಎತ್ತಬಾರದು, ಸಿಡಿಮದ್ದು ಎಸೆಯಬಾರದು. ಮದ್ದು, ವಿಷ ಹಾಕಿ ಮೀನು ಹಿಡಿಯಬಾರದೆಂದು 1996ರ ಕರ್ನಾಟಕದ ಒಳನಾಡು ಮೀನುಗಾರಿಕೆ ಕಾಯ್ದೆಯಲ್ಲಿ ಬರೆದೇ ಇದೆ ಎಂದೆ. ಹಾಗಾದರೆ ಅರ್ಧ ಕೆಲಸ ಆಯಿತಲ್ಲ ಎಂದರು. ಮಹಾರಾಷ್ಟ್ರದವರು ಅಂಬೋಲಿಯಲ್ಲಿ, ನಮ್ಮ ಸಂಕೇಶ್ವರದ ಕಡೆ ಹರಿದು ಬರುವ ಹಿರಣ್ಯಕೇಶಿಯ ಹುಟ್ಟಿನಲ್ಲಿ, ಬೆರಳುದ್ದದ ಒಂದು ಸಣ್ಣ ಮೀನಿಗಾಗಿ ಗುಡಿಯ ಕೊಳವನ್ನೇ 2021ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣ ಮಾಡಿದ್ದಾರೆ. ಬೆರಳುದ್ದದ್ದಕ್ಕೆ ಅಷ್ಟಾದರೆ ನಮ್ಮದಕ್ಕೆ ಇಷ್ಟಾಗಬಾರದೇ? ಗ್ರಾಮಸಭೆಯಲ್ಲಿ ಎತ್ತುತ್ತೇನೆ ಎಂದರು. ಅಂಬಿಗರ ಹೊಟ್ಟೆಪಾಡಿನ ಗತಿ ಏನು ಎಂದು ಕೇಳಿದೆ. ಅವರನ್ನೇ ಕಾವಲಿಗೆ ನೇಮಿಸಬೇಕು, ಪಗಾರ ಕೊಡಬೇಕು. ಅಜ್ಜನಿಗಿಂತ ಹೊಳೆ ಬಲ್ಲವ ಯಾವ ಗಾರ್ಡ್ ಸಿಗುತ್ತಾನೆ? ಇದು ಕಾಕಾ ಇಷ್ಟು ದಿನ ಆಡಿದ ಮಾತಿನಲ್ಲೆಲ್ಲ ತೂಕದ ಮಾತು. ಹಾಗೆಂದು ಅವರ ಮುಂದೆ ಹೇಳಲಿಲ್ಲ. ಹೇಳಿದರೆ ರಾತ್ರಿ ಹನ್ನೊಂದರವರೆಗೆ ಬೇಲಿ ಬಿಡುತ್ತಿರಲಿಲ್ಲ.

ಅಂಗಳದಲ್ಲಿ ಕಾಕು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಕೈಯಲ್ಲಿ ಇಳಕಲ್ಲ ಸೀರೆ, ಟ್ರಂಕಿನಿಂದ ತೆಗೆದದ್ದು. ಅಂಚಿನಲ್ಲಿ ಗೇಣುದ್ದ ಜರಿ ಮಾಯವಾಗಿತ್ತು.

"ಇದು ನಮ್ಮವ್ವ ಕೊಟ್ಟ ಸೀರಿ."

ಕಾಕಾ ರಾಡನ್ನು ಗೋಡೆಗೆ ಆನಿಸಿ, ಬೇಲಿಯ ಹತ್ತಿರ ಬಂದು, ದನಿ ತಗ್ಗಿಸಿ ನನ್ನನ್ನು ಕೇಳಿದರು: "ಮಾಸ್ತರ, ನಿಮ್ಮ ಮನಿಯಾಗ ಯಾವದರ ಹಳೇ ಜರಿ ಸೀರಿ ಇದ್ದರ ನೋಡ್ರಿ. ಕೊಯ್ನಾ ನೀರು ಬಿಡೂದ್ರಾಗ ಇನ್ನೊಂದಿಷ್ಟು ನೊಣಾ ಕಟ್ಟಬೇಕಾಗೇತಿ."